ಮೂಲ ಕೇಳುವವರಿಗೆ ಮೇವಾತ್‌ನ ಉತ್ತರ

"ಸರ್, ಮನೇಲಿ ಉರ್ದು ಮಾತಾಡ್ತೀರಲ್ಲ, ನಿಮ್ಮ ಮೂಲ ಎಲ್ಲಿ?" ಅಂತ ಮಕ್ಕಳು ಕೇಳ್ತಾರೆ. ಆಗ ನಾನು ದೆಹಲಿ ಪಕ್ಕದ ಮೇವಾತ್ ಕಥೆ ಹೇಳ್ತೀನಿ.

ಅಲ್ಲಿಯ ಮೇವ್ ಜನ ಮುಸ್ಲಿಮರು, ಆಡುವ ಮಾತು ಮೇವಾತಿ. ತಮ್ಮ ಮೂಲ ರಜಪೂತರದು ಎನ್ನುತ್ತಾರೆ. ಮೀಣಾ ಸಮುದಾಯದ ನಂಟು ಹೇಳುವ ವಿದ್ವಾಂಸರೂ ಇದ್ದಾರೆ. ಒಂದೇ ಗೋತ್ರದೊಳಗೆ ನಿಕಾಹ್ ಮಾಡದಿರುವುದು ಅವರ ಹಳೆಯ ರಿವಾಜು. 1527ರ ಖಾನ್ವಾ ಯುದ್ಧದಲ್ಲಿ ಮೇವಾತ್‌ನ ದೊರೆ ಹಸನ್ ಖಾನ್, ರಾಣಾ ಸಾಂಗಾ ಜೊತೆ ನಿಂತು ಬಾಬರನ ವಿರುದ್ಧ ಹೋರಾಡಿ ಮಡಿದ.

ಆದರೂ 1947ರಲ್ಲಿ ಅಲ್ವರ್, ಭರತ್‌ಪುರ ಸಂಸ್ಥಾನಗಳಲ್ಲಿ ಮೇವರನ್ನು ಕೊಂದರು, ಓಡಿಸಿದರು. ಡಿಸೆಂಬರ್ 19ರಂದು ಗಾಂಧೀಜಿ ಘಾಸೇಡಾ ಹಳ್ಳಿಗೆ ಬಂದು, ದೇಶ ಬಿಟ್ಟು ಹೋಗಬೇಡಿ ಎಂದರು. ಬಹಳ ಮಂದಿ ಇಲ್ಲೇ ಉಳಿದರು. ಹರಿಯಾಣದಲ್ಲಿ 2005ರಲ್ಲಿ ಆದ ಮೇವಾತ್ ಜಿಲ್ಲೆಗೆ 2016ರಲ್ಲಿ ನೂಹ್ ಎಂಬ ಹೆಸರು ಬಂತು. ಆದರೆ ರಾಜ್ಯದ ಗಡಿ ದಾಟಿ, ರಾಜಸ್ಥಾನದ ಕಡೆಯವರೂ ಮೇವಾತಿಗಳೇ.

ನಮ್ಮಲ್ಲೂ ಬ್ಯಾರಿ, ನವಾಯತ, ನದಾಫ್, ದಖ್ಖನಿ ಮಾತಿನವರು ಅಂತ ಒಬ್ಬೊಬ್ಬರದು ಒಂದೊಂದು ಹಿನ್ನೆಲೆ. ಮೂಲ ತಿಳ್ಕೊಳ್ಳೋದು ಒಳ್ಳೇದೇ. ಆದರೆ ಅದನ್ನು ನೋಡಿ ಈ ನೆಲದ ಹಕ್ಕು ಅಳೆಯಬಾರದು ಅಂತ ಮಕ್ಕಳಿಗೆ ಹೇಳ್ತೀನಿ.