ಕಿರಾತಾರ್ಜುನರ ಬೇಟೆಯ ನ್ಯಾಯ

ಒಂದು ಹಂದಿ, ಎರಡು ಬಾಣ. ಮಹಾಭಾರತದ ವನಪರ್ವದಲ್ಲಿ ಬರುವ ಕೈರಾತ ಪ್ರಸಂಗದ ಜಗಳಕ್ಕೆ ಮೂಲ ಇಷ್ಟೇ. ದಿವ್ಯಾಸ್ತ್ರಗಳನ್ನು ಬಯಸಿ ತಪಸ್ಸಿಗೆ ನಿಂತ ಅರ್ಜುನನನ್ನು ಕೊಲ್ಲಲು ಮೂಕನೆಂಬ ದಾನವನು ಹಂದಿಯ ರೂಪದಿಂದ ಬರುತ್ತಾನೆ. ಬೇಡನ ವೇಷದ ಶಿವನೂ ಅಲ್ಲಿಗೆ ಬರುತ್ತಾನೆ. ಇಬ್ಬರ ಬಾಣಗಳೂ ಏಕಕಾಲಕ್ಕೆ ನಾಟುತ್ತವೆ. ಬೇಟೆ ಯಾರದು?

ತರಗತಿಯಲ್ಲಿ ಈ ಪ್ರಶ್ನೆಯನ್ನಿಟ್ಟರೆ, ‘ಕಿರಾತನದೇ, ಅವನು ಶಿವನಲ್ಲವೇ?’ ಎಂಬ ಉತ್ತರ ಸುಲಭವಾಗಿ ಬಂದುಬಿಡುತ್ತದೆ. ಭಕ್ತಿಗೆ ಅದು ಒಪ್ಪುವ ಮಾತು, ನ್ಯಾಯವಿಚಾರಕ್ಕೆ ಸಾಲದು. ವೇಷ ಕಳಚುವ ಮೊದಲೇ ಇಬ್ಬರನ್ನೂ ಬೇಟೆಗಾರರೆಂದೇ ಎಣಿಸಿ ತೂಗಬೇಕು.

ವ್ಯಾಸರ ಕಥನದಲ್ಲಿ ಸಾಕ್ಷ್ಯ ಸ್ಪಷ್ಟವಾಗಿದೆ. ಅರ್ಜುನನು ಗಾಂಡೀವವನ್ನೆತ್ತಿದಾಗ ಕಿರಾತನು ತಡೆದು, ಮೊದಲು ಗುರಿಯಿಟ್ಟವನು ತಾನೆಂದು ಹೇಳುತ್ತಾನೆ. ಆ ಮಾತನ್ನು ಲೆಕ್ಕಿಸದೆ ಅರ್ಜುನನು ಬಾಣ ಬಿಟ್ಟನೆಂದು ಹೇಳುವವನು ಕಿರಾತನಲ್ಲ, ಕಥೆಗಾರನೇ. ಆದರೂ ಮರುಗಳಿಗೆಯಲ್ಲಿ ಅರ್ಜುನನು, ನೀನು ಬೇಟೆಯ ಧರ್ಮವನ್ನು ಮೀರಿದೆ, ನಿನ್ನ ಪ್ರಾಣ ತೆಗೆಯುವೆನೆಂದು ಗದರಿಸುತ್ತಾನೆ. ತಾನು ಮುರಿದ ಕಟ್ಟಳೆಯನ್ನು ಎದುರಾಳಿಯ ತಲೆಗೆ ಕಟ್ಟುವ ರೀತಿ ಇದು. ನಿನ್ನ ದೋಷವನ್ನು ಪರರ ಮೇಲೆ ಹೊರಿಸಬೇಡವೆಂದು ಕಿರಾತನು ಕೊಟ್ಟ ಉತ್ತರ ಉಚಿತವಾಗಿಯೇ ಇದೆ.

ಅರ್ಜುನನ ಪಕ್ಷದಲ್ಲಿ ವಾದವೇ ಇಲ್ಲವೆಂದಲ್ಲ. ಅದನ್ನು ಸಮರ್ಥವಾಗಿ ಮಂಡಿಸಿದವನು ಭಾರವಿ ಮಹಾಕವಿ. ಈತನ ಕೀರ್ತಿ ನಮ್ಮ ನಾಡಿಗೆ ಹೊಸದಲ್ಲ. ಕಿತ್ತೂರು, ಬೈಲಹೊಂಗಲಗಳ ಸೀಮೆಯಿಂದ ಸವದತ್ತಿ, ರಾಮದುರ್ಗಗಳತ್ತ ಸಾಗುವ ಮಲಪ್ರಭೆಯು ಮುಂದೆ ಪಟ್ಟದಕಲ್ಲು, ಐಹೊಳೆಗಳನ್ನು ಮುಟ್ಟುತ್ತದೆ. ಐಹೊಳೆಯ ಮೇಗುತಿ ಬಸದಿಯಲ್ಲಿರುವ 634ರ ಶಾಸನದಲ್ಲಿ ರವಿಕೀರ್ತಿಯು ಕಾಳಿದಾಸನ ಜೊತೆಗೆ ಭಾರವಿಯ ಹೆಸರನ್ನೂ ಎತ್ತಿದ್ದಾನೆ. ಪಟ್ಟದಕಲ್ಲಿನ ಶಿಲ್ಪಿಗಳು ಈ ಕಥೆಯನ್ನೇ ಕಲ್ಲಿನಲ್ಲಿ ಕಡೆದಿದ್ದಾರೆ.

ಹದಿನೆಂಟು ಸರ್ಗಗಳ ‘ಕಿರಾತಾರ್ಜುನೀಯ’ದಲ್ಲಿ ಜಗಳವು ಹಂದಿಗಿಂತ ಹೆಚ್ಚಾಗಿ ಬಾಣದ ಮೇಲೆ. ಕಿರಾತನ ದೂತನು ಬಂದು, ನೀನೆತ್ತಿಕೊಂಡ ಬಾಣ ನಮ್ಮ ಒಡೆಯನದು, ಬೇಕಾದರೆ ಕೇಳು, ಸ್ನೇಹದಿಂದ ಕೊಟ್ಟಾನು ಎನ್ನುತ್ತಾನೆ. ಹದಿನಾಲ್ಕನೆಯ ಸರ್ಗದಲ್ಲಿ ಅರ್ಜುನನ ಮರುಮಾತಿದೆ. ಕಾಡಿನ ಮೃಗ ಯಾರ ಸ್ವತ್ತೂ ಅಲ್ಲ, ಕೊಂದವನದೇ. ಅಲ್ಲದೆ ತನ್ನನ್ನು ಕೊಲ್ಲಬಂದುದನ್ನು ತಾನು ಕೊಂದೆ ಎಂದು ಅವನ ವಾದ. ಆತ್ಮರಕ್ಷಣೆಯ ಈ ಎರಡನೆಯ ಮಾತಿಗೆ ಎದುರಿಲ್ಲ. ಪ್ರಾಣಕ್ಕೆ ಬಂದಾಗ ಮೊದಲ ಗುರಿ ಯಾರದೆಂದು ಯಾರು ವಿಚಾರಿಸುತ್ತಾರೆ? ಅಲ್ಲಿಗೇ ನಿಲ್ಲಿಸಿದ್ದರೆ ಗೆಲವು ಅವನದೇ ಆಗುತ್ತಿತ್ತು. ಆದರೆ ವರ್ಣಾಶ್ರಮಗಳನ್ನು ಕಾಯುವ ನಾವೆಲ್ಲಿ, ಮೃಗಗಳನ್ನು ಕೊಂದು ಬದುಕುವ ಕೀಳುಜಾತಿಯವರೆಲ್ಲಿ ಎಂದು ಹೀಯಾಳಿಸಿ ಸ್ನೇಹವನ್ನು ತಳ್ಳಿಬಿಡುತ್ತಾನೆ. ನ್ಯಾಯದ ತಕ್ಕಡಿಯಲ್ಲಿ ಹುಟ್ಟನ್ನು ತಂದಿಟ್ಟ ಈ ಒಂದು ನುಡಿಯಿಂದ, ಸರಿಯಿದ್ದ ವಾದವೂ ಹಗುರಾಯಿತು.

ಕಿರಾತನೂ ಪೂರ್ಣ ನಿರ್ದೋಷಿಯಲ್ಲ. ತಾನಾರೆಂಬುದನ್ನು ಮರೆಮಾಡಿ, ಬೇಕೆಂದೇ ಕೆಣಕುತ್ತಾನೆ. ಆದರೆ ಅವನ ಬಾಣ ಹೊರಟದ್ದು ಅರ್ಜುನನ ಪ್ರಾಣ ಉಳಿಸುವುದಕ್ಕೆ. ಸ್ವಂತಕ್ಕಾಗಿ ಬೇಟೆಯಾಡುವವನು ತನಗೆ ಮಾಡಿದ ಉಪಕಾರವೇನೆಂದು ಅರ್ಜುನನು ಕೇಳುವುದು, ತನ್ನನ್ನು ಕಾಯಲು ಬಂದವನನ್ನು ಕುರಿತೇ!

ವ್ಯಾಸರಲ್ಲಿ ಅರ್ಜುನನು ಶಿವನನ್ನು ಗುರುತಿಸಿದ ಮೇಲೆ ಕ್ಷಮೆ ಬೇಡುತ್ತಾನೆ, ಅರಿಯದೆ ಮಾಡಿದೆನೆನ್ನುತ್ತಾನೆ. ಎದುರಿಗಿದ್ದವನು ಬರಿಯ ಬೇಡನೇ ಆಗಿದ್ದರೆ ಆ ಕ್ಷಮೆಯ ಮಾತು ಬರುತ್ತಿತ್ತೇ? ವಿದ್ಯಾರ್ಥಿಗಳ ಮುಂದೆ ಇಡಬೇಕಾದ ಪ್ರಶ್ನೆ ಇದು. ಶಿವನಂತೂ ಕೈಹಿಡಿದು ಕ್ಷಮಿಸಿದನು, ಪಾಶುಪತವನ್ನೂ ಕೊಟ್ಟನು. ಕೊಡುವಾಗ ಒಂದು ಕಟ್ಟು ಹಾಕಿದನು: ಇದನ್ನು ಮನುಷ್ಯರ ಮೇಲೆ ದುಡುಕಿ ಬಿಡಕೂಡದು, ಅಲ್ಪಬಲನ ಮೇಲೆ ಬಿದ್ದರೆ ಜಗತ್ತನ್ನೇ ಸುಟ್ಟೀತು.