ಬೀಳುವುದನ್ನು ಅಳೆಯಹೊರಟವನು

1659ರ ಅಕ್ಟೋಬರ್. ಹಾಲೆಂಡಿನ ಹೇಗ್ ನಗರದಲ್ಲಿ ಮೂವತ್ತರ ಹರೆಯದ ಕ್ರಿಸ್ಟಿಯಾನ್ ಹೈಗನ್ಸ್ ಹಟಕ್ಕೆ ಬಿದ್ದಿದ್ದ. ಕೈಬಿಟ್ಟ ವಸ್ತು ಮೊದಲ ಸೆಕೆಂಡಿನಲ್ಲಿ ಎಷ್ಟು ದೂರ ಬೀಳುತ್ತದೆ? ಫ್ರಾನ್ಸಿನ ಪಾದ್ರಿ ಮರ್ಸೆನ್ 12 ಅಡಿ ಎಂದು ಬರೆದಿಟ್ಟಿದ್ದ. ಲೋಲಕದ ಗಡಿಯಾರ ಕಟ್ಟಿ ಹೆಸರಾಗಿದ್ದ ಹೈಗನ್ಸ್‌ಗೆ ಆ ಲೆಕ್ಕ ರುಚಿಸಲಿಲ್ಲ.

ಮೊದಲು ಮರ್ಸೆನ್‌ನ ದಾರಿಯನ್ನೇ ಹಿಡಿದ. ಲೋಲಕವನ್ನೂ ಗುಂಡನ್ನೂ ಒಟ್ಟಿಗೆ ಬಿಡಬೇಕು; ಒಂದು ಗೋಡೆಗೆ ಬಡಿಯುವ ಸದ್ದೂ ಇನ್ನೊಂದು ನೆಲಕ್ಕೆ ಬೀಳುವ ಸದ್ದೂ ಒಂದಾಗಿ ಕೇಳಬೇಕು. ಫಜೀತಿ ಇದ್ದದ್ದೇ ಅಲ್ಲಿ. ಎತ್ತರ ಕೊಂಚ ಹೆಚ್ಚುಕಮ್ಮಿಯಾದರೂ ಸದ್ದುಗಳು ಒಂದಾಗಿಯೇ ಕೇಳುತ್ತಿದ್ದವು. ಅಷ್ಟು ಸೂಕ್ಷ್ಮ ಕಿವಿಗೆ ಎಟಕುವಂಥದ್ದಲ್ಲ.

ಬೀಳುವುದು ಕೈಗೆ ಸಿಗದಾದಾಗ ಹೈಗನ್ಸ್ ಸುತ್ತುವುದರ ಬೆನ್ನು ಹತ್ತಿದ. ದೊಡ್ಡ ಚಕ್ರದ ಅಂಚಿಗೆ ಒಬ್ಬ ಮನುಷ್ಯನನ್ನು ಕಟ್ಟಿದಂತೆ ಊಹಿಸಿಕೊಂಡ. ಅವನ ಕೈಯಲ್ಲೊಂದು ದಾರ, ದಾರದ ತುದಿಗೆ ಸೀಸದ ಗುಂಡು. ಚಕ್ರ ತಿರುಗಿದಂತೆ ದಾರ ಬಿಗಿಯುತ್ತದೆ. ಆಗ ಅದು ಕಡಿದುಹೋದರೆ? ಗುಂಡು ಸ್ಪರ್ಶರೇಖೆ ಹಿಡಿದು ನೆಟ್ಟಗೆ ಹೋಗುತ್ತದೆ, ಮನುಷ್ಯ ಚಕ್ರದ ಜೊತೆ ಬಾಗುತ್ತಾನೆ. ಆ ಮೊದಲ ಗಳಿಗೆಗಳಲ್ಲಿ ಗುಂಡಿಗೂ ಮನುಷ್ಯನಿಗೂ ನಡುವಿನ ಅಂತರ ಹೇಗೆ ಬೆಳೆಯುತ್ತದೆಂದು ಲೆಕ್ಕ ಹಾಕಿದ: 1, 4, 9, 16. ಬೀಳುವ ವಸ್ತುವಿಗೆ ಗೆಲಿಲಿಯೋ ಕೊಟ್ಟಿದ್ದ ಅದೇ ವರ್ಗಗಳ ಸಾಲು! ಹಾಗಾದರೆ ದಾರದ ಎಳೆತವೂ ತೂಕವೂ ಒಂದೇ ಜಾತಿ. ಒಂದರಿಂದ ಇನ್ನೊಂದನ್ನು ತೂಗಬಹುದು.

ತೂಗಿಯೂ ನೋಡಿದ. ಲೋಲಕವನ್ನು ಅತ್ತಿತ್ತ ತೂಗಾಡಿಸದೆ, ದಾರ ಶಂಕುವಿನಾಕಾರ ಬಿಡಿಸುವಂತೆ ಸುತ್ತಿಸಿದ. ಇನ್ನು ಒಂದು ಕ್ಷಣದ ಸದ್ದಿಗೆ ಕಿವಿಗೊಡಬೇಕಿರಲಿಲ್ಲ, ಸುತ್ತುಗಳಿಗೆ ಹಿಡಿಯುವ ಹೊತ್ತು ತಿಳಿದರೆ ಸಾಕಿತ್ತು. ಆ ನಾಡಿನ ಅಳತೆಯಲ್ಲಿ ಉತ್ತರ 15 ಅಡಿ 7½ ಅಂಗುಲ. ಇಂದಿನ ಲೆಕ್ಕಕ್ಕೆ ಸುಮಾರು 4.9 ಮೀಟರ್. ಕೂದಲೆಳೆಯಷ್ಟೂ ತಪ್ಪಿರಲಿಲ್ಲವೆನ್ನಬೇಕು.

ಆದರೂ ಅವನು ಗುಟ್ಟು ಬಿಡಲಿಲ್ಲ. 1673ರಲ್ಲಿ ಪ್ಯಾರಿಸ್‌ನಲ್ಲಿ ಅಚ್ಚಾದ ತನ್ನ ಗಡಿಯಾರದ ಗ್ರಂಥದ ಕೊನೆಗೆ ಸುತ್ತುವ ವಸ್ತುವಿನ ಎಳೆತದ ಬಗ್ಗೆ 13 ಪ್ರಮೇಯಗಳನ್ನು ಸಾಧನೆಯಿಲ್ಲದೆ ಜೋಡಿಸಿದ, ಅಷ್ಟೆ. ಸಾಧನೆಗಳು ಬೆಳಕು ಕಂಡದ್ದು 1703ರಲ್ಲಿ, ಆತ ತೀರಿಕೊಂಡ ಎಂಟು ವರ್ಷಗಳ ಮೇಲೆ. ಇಂಗ್ಲೆಂಡಿನಲ್ಲಿ ನ್ಯೂಟನ್ ಬೇರೆಯದೇ ಹಾದಿಯಿಂದ ಈ ಎಳೆತದ ಅದೇ ನಿಯಮವನ್ನು ಮುಟ್ಟಿದ್ದ. ಹೈಗನ್ಸ್ ಹೊರಕ್ಕೆ ಜಗ್ಗುತ್ತದೆಂದು ನೋಡಿದ್ದನ್ನು ಅವನು ಒಳಕ್ಕೆ ಎಳೆಯುವ ಕೇಂದ್ರಾಭಿಮುಖ ಬಲವಾಗಿ ಕಂಡ.

ಸಿಕ್ಕ ನಿಯಮ ಪುಟ್ಟದು. ವೇಗದ ವರ್ಗವನ್ನು ರಾಶಿಯಿಂದ ಗುಣಿಸಿ, ತ್ರಿಜ್ಯದಿಂದ ಭಾಗಿಸಿದರೆ ಬಲ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು ಬೇಕು, ಯಾಕೆಂದರೆ ತಿರುಗಿಸಬೇಕಾದ ವೇಗವೂ ಇಮ್ಮಡಿ, ಅದಕ್ಕೆ ಸಿಗುವ ಹೊತ್ತೂ ಅರ್ಧ. ವೇಗ ಹಾಗೇ ಇದ್ದು ತ್ರಿಜ್ಯ ಇಮ್ಮಡಿಯಾದರೆ ತಿರುವು ಸಡಿಲವಾಗುತ್ತದೆ, ಅರ್ಧ ಬಲವೇ ಸಾಕಾಗುತ್ತದೆ.