ರೋಟರಿ ಎಂಜಿನ್ನಿಗೆ ಟರ್ಬೊ: ಕೊಳವೆಗಳ ಹಿಂದಿನ ಭೌತವಿಜ್ಞಾನ

ಡೀಸೆಲ್ ಲಾರಿ, ಬಸ್ಸುಗಳಿಂದಾಗಿ ಟರ್ಬೊ ಎಂಬ ಹೆಸರು ನಮಗೆಲ್ಲ ಪರಿಚಿತ. ಎಂಜಿನ್ ಹೊರದಬ್ಬುವ ಬಿಸಿ ಅನಿಲ ಒಂದು ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಸಂಪೀಡಕ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಹೆಚ್ಚು ಇಂಧನವನ್ನು ಉರಿಸಬಹುದು. ಪಿಸ್ಟನ್ ಎಂಜಿನ್‌ಗಳಿಗೆ ಒಗ್ಗಿಹೋದ ಈ ಉಪಾಯವನ್ನು ಪಿಸ್ಟನ್ನೇ ಇಲ್ಲದ ರೋಟರಿ ಎಂಜಿನ್ನಿಗೆ ಅಳವಡಿಸಿದರೆ ಏನಾಗುತ್ತದೆ?

ಜರ್ಮನಿಯ ಫೆಲಿಕ್ಸ್ ವಾಂಕೆಲ್ ರೂಪಿಸಿದ ರೋಟರಿ ಎಂಜಿನ್ ಮೊದಲು ಓಡಿದ್ದು 1957ರಲ್ಲಿ, ಎನ್‌ಎಸ್‌ಯು ಕಂಪನಿಯಲ್ಲಿ. ಅದನ್ನು ದಶಕಗಳ ಕಾಲ ಕಾರುಗಳಲ್ಲಿ ಬಳಸಿದ್ದು ಜಪಾನಿನ ಮಾಜ್ದಾ. ಟರ್ಬೊ ಹೊತ್ತ ರೋಟರಿ ಎಂಜಿನ್ 1982ರಲ್ಲಿ ಮಾಜ್ದಾದ ಕಾಸ್ಮೊ ಕಾರಿನ ಮೂಲಕ ಮಾರುಕಟ್ಟೆಗೆ ಬಂತು. ಆರ್‌ಎಕ್ಸ್-7 ಕಾರಿನ 13ಬಿ ಎಂಜಿನ್ ಟರ್ಬೊ ಇದ್ದೂ ಬಂದಿದೆ, ಇಲ್ಲದೆಯೂ ಬಂದಿದೆ. ಟರ್ಬೊ ಇಲ್ಲದ 13ಬಿಗೆ ಆಮೇಲೆ ಅದನ್ನು ಜೋಡಿಸುವ ಹವ್ಯಾಸಿಗಳು ಜಪಾನ್, ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಇಂದಿಗೂ ಇದ್ದಾರೆ. ಆ ಜೋಡಣೆಯ ಒಂದೊಂದು ಕೊಳವೆಯೂ ಭೌತವಿಜ್ಞಾನದ ಒಂದೊಂದು ಪಾಠದಂತಿದೆ.

ಮೊದಲು ಗಾತ್ರದ ವಿಚಾರ. 13ಬಿಯಲ್ಲಿ ಎರಡು ರೋಟರ್‌ಗಳು. ಪ್ರತಿಯೊಂದರ ಕೋಣೆಯ ಗಾತ್ರ 654 ಘನ ಸೆಂ.ಮೀ., ಒಟ್ಟು 1308. ಇದು 1.3 ಲೀಟರಿನ ಸಣ್ಣ ಎಂಜಿನ್ ಎಂದು ಭಾವಿಸಿ ಸಣ್ಣ ಟರ್ಬೊ ಆರಿಸಿದರೆ ಲೆಕ್ಕ ತಪ್ಪುತ್ತದೆ. ತ್ರಿಕೋನಾಕಾರದ ರೋಟರ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಎಂಜಿನ್ನಿನ ದಂಡ ಮೂರು ಸುತ್ತು ತಿರುಗಿರುತ್ತದೆ, ಮೂರು ಮುಖಗಳಲ್ಲೂ ಒಂದೊಂದು ದಹನ ನಡೆದಿರುತ್ತದೆ. ಎಂದರೆ ದಂಡದ ಪ್ರತಿ ಸುತ್ತಿಗೂ ಪ್ರತಿ ರೋಟರ್‌ನಿಂದ ಒಂದು ದಹನ. ನಾಲ್ಕು ಘಾತದ ಪಿಸ್ಟನ್ ಎಂಜಿನ್ನಿನಲ್ಲಾದರೆ ಒಂದು ಸಿಲಿಂಡರಿನ ದಹನಕ್ಕೆ ದಂಡ ಎರಡು ಸುತ್ತು ತಿರುಗಬೇಕು. ಆದ್ದರಿಂದ ಗಾಳಿ ಸೇದುವುದರಲ್ಲಿ 13ಬಿ ಸುಮಾರು 2.6 ಲೀಟರಿನ ಪಿಸ್ಟನ್ ಎಂಜಿನ್ನಿಗೆ ಸಮ. ನಿಮಿಷಕ್ಕೆ 6000 ಸುತ್ತಿನಲ್ಲಿ ಅದು ಟರ್ಬೊ ಇಲ್ಲದೆಯೇ ನಿಮಿಷಕ್ಕೆ ಹೆಚ್ಚುಕಡಿಮೆ 7800 ಲೀಟರ್ ಗಾಳಿ ಕುಡಿಯಬಲ್ಲದು. ಟರ್ಬೈನ್, ನಿಷ್ಕಾಸ ಕೊಳವೆ, ಗಾಳಿಯ ಕೊಳವೆ ಎಲ್ಲವನ್ನೂ ಈ ಅಂದಾಜಿಗೆ ತಕ್ಕಂತೆ ಆರಿಸಬೇಕು.

ಎರಡನೆಯದು ನಿಷ್ಕಾಸ ಅನಿಲ. 13ಬಿಯಲ್ಲಿ ನಿಷ್ಕಾಸ ಕವಾಟವೆಂಬುದಿಲ್ಲ. ಹೊರಗವಚದ ಅಂಚಿನಲ್ಲೊಂದು ಕಂಡಿ ಇದೆ. ರೋಟರ್‌ನ ತುದಿ ಅದನ್ನು ದಾಟಿದ ಕ್ಷಣವೇ ಅನಿಲ ಒಮ್ಮೆಲೇ ನುಗ್ಗುತ್ತದೆ. ಕವಾಟ ಮೆಲ್ಲಗೆ ಮೇಲೇಳುವುದನ್ನು ಕಾಯಬೇಕಿಲ್ಲವಾದ್ದರಿಂದ ಈ ಮಿಡಿತ ತೀಕ್ಷ್ಣ, ಟರ್ಬೈನಿಗೆ ಇದು ವರದಾನ. ಎರಡು ರೋಟರ್‌ಗಳ ಮಿಡಿತಗಳ ನಡುವೆ ದಂಡದ ಅರ್ಧ ಸುತ್ತಿನ ಅಂತರವಿರುತ್ತದೆ. ಎರಡೂ ಕೊಳವೆಗಳನ್ನು ಕಂಡಿಯ ಬಳಿಯೇ ಒಂದುಗೂಡಿಸಿದರೆ ಒಂದರ ಮಿಡಿತ ಇನ್ನೊಂದರ ಕಂಡಿಯತ್ತ ಹಿಂದಕ್ಕೆ ನುಗ್ಗಬಹುದು. ಅದಕ್ಕಾಗಿಯೇ ನಡುವೆ ಗೋಡೆಯಿರುವ ಟರ್ಬೈನ್ ಕವಚವನ್ನು ಬಳಸಿ, ಚಕ್ರದ ತನಕ ಎರಡನ್ನೂ ಬೇರೆಬೇರೆಯಾಗಿ ಒಯ್ಯುವುದು ಒಳ್ಳೆಯ ಪದ್ಧತಿ.

ಆದರೆ ಈ ಅನಿಲ ವಿಪರೀತ ಬಿಸಿ. ಪೂರ್ಣ ಭಾರದಲ್ಲಿ ಅದರ ತಾಪ 900 ಡಿಗ್ರಿ ಸೆಲ್ಸಿಯಸ್ ಮೀರುವುದುಂಟು. ಕೊಳವೆಯ ಲೋಹ ಮಾತ್ರ 800 ಡಿಗ್ರಿಗಳಷ್ಟು ಏರಿತೆನ್ನೋಣ. ಸ್ಟೇನ್‌ಲೆಸ್ ಉಕ್ಕು ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 17 ಭಾಗದಷ್ಟು ಹಿಗ್ಗುತ್ತದೆ. 30 ಸೆಂ.ಮೀ. ಉದ್ದದ ಕೊಳವೆ 4 ಮಿ.ಮೀ. ಬೆಳೆಯಿತೆಂದಾಯಿತು! ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಟರ್ಬೊಗೂ ಬಿಗಿದು, ಟರ್ಬೊವನ್ನು ಮತ್ತೆ ಬೇರೊಂದು ಗಡಸು ಪಟ್ಟಿಯಿಂದ ಕಟ್ಟಿಹಾಕಿದರೆ ಆ 4 ಮಿ.ಮೀ. ಹೋಗುವುದಾದರೂ ಎಲ್ಲಿಗೆ? ಬೆಸುಗೆ ಬಿರಿಯುತ್ತದೆ. ಟರ್ಬೊದ ತೂಕವನ್ನು ಹೊರುವ, ಆದರೆ ಹಿಗ್ಗುವಿಕೆಗೆ ಜಾರಲು ಬಿಡುವ ಆಸರೆ ಬೇಕು. ದಪ್ಪನೆಯ ಎರಕದ ಕಬ್ಬಿಣದ ಗಿಡ್ಡ ಕೊಳವೆ ನೋಡಲು ಅಂದವಲ್ಲ, ತೂಕವೂ ಹೆಚ್ಚು. ಆದರೂ ದಿನಬಳಕೆಯ ಗಾಡಿಗೆ ಅದೇ ವಾಸಿ ಎಂಬುದು ಈ ಲೇಖಕನ ಮತ.

13ಬಿಯಲ್ಲಿ ಗಾಳಿ ಒಳಬರುವ ಕಂಡಿ ಮೇಲೆ, ಅನಿಲ ಹೊರಹೋಗುವ ಕಂಡಿ ಕೆಳಗೆ. ಎರಡೂ ಎಂಜಿನ್ನಿನ ಒಂದೇ ಪಕ್ಕದಲ್ಲಿವೆ. ಹಾಗಾಗಿ ಕೆಂಪಗೆ ಕಾಯುವ ಟರ್ಬೊ ಗಾಳಿಯ ಕೊಳವೆಗಳ ಪಕ್ಕದಲ್ಲೇ ಕೂರಬೇಕು. ನಡುವೆ ಶಾಖ ತಡೆಯುವ ತಗಡು ಇರಲೇಬೇಕು.

ಎಣ್ಣೆಯ ಕೊಳವೆಗಳಲ್ಲಿ ಎಡವುವವರು ಬಹಳ. ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗಬಲ್ಲ ಟರ್ಬೊ ದಂಡ ತೇಲುವುದೇ ಎಣ್ಣೆಯ ಪೊರೆಯ ಮೇಲೆ. ಒಳಹೋಗುವ ಎಣ್ಣೆಗೆ ಪಂಪಿನ ಒತ್ತಡವಿರುವುದರಿಂದ ಸಣ್ಣ ಕೊಳವೆ ಸಾಕು. ಹೊರಬರುವ ಎಣ್ಣೆಗೆ ಆ ಒತ್ತಡವಿಲ್ಲ. ಗಾಳಿ ಬೆರೆತು ನೊರೆಯಾಗಿ, ಬರೇ ಗುರುತ್ವದಿಂದ ಕೆಳಗಿಳಿಯಬೇಕು. ಆದ್ದರಿಂದ ಮರಳುವ ಕೊಳವೆ ಅಗಲವಾಗಿ, ಆದಷ್ಟು ನೇರ ಕೆಳಮುಖವಾಗಿ, ಎಲ್ಲೂ ಸೊಟ್ಟಗೊಳ್ಳದೆ ಇರಬೇಕು. ಎಣ್ಣೆ ತೊಟ್ಟಿಯಲ್ಲಿ ನಿಂತ ಎಣ್ಣೆಯ ಮಟ್ಟಕ್ಕಿಂತ ಮೇಲೆಯೇ ಅದು ಕೂಡಿಕೊಳ್ಳಬೇಕು. ಇಲ್ಲವಾದರೆ ಎಣ್ಣೆ ಟರ್ಬೊದಲ್ಲೇ ಮಡುಗಟ್ಟಿ ದಂಡದ ಸೀಲುಗಳನ್ನು ದಾಟಿ ಟರ್ಬೈನಿಗೆ ಸೋರುತ್ತದೆ, ಹಿಂದಿನ ಕೊಳವೆಯಲ್ಲಿ ನೀಲಿ ಹೊಗೆ ಕಾಣುತ್ತದೆ. ರೋಟರಿ ಎಂಜಿನ್ನಿನಲ್ಲಿ ರೋಟರ್‌ಗಳ ಸೀಲು ಸವೆದರೂ ಇದೇ ನೀಲಿ ಹೊಗೆ. ಹೀಗಾಗಿ ಕೊಳವೆಯೊಂದರ ಓರೆಯಿಂದಾದ ತೊಂದರೆಗೆ ಇಡೀ ಎಂಜಿನ್ ಬಿಚ್ಚುವ ಪ್ರಮೇಯ ಬಂದೀತು.

ತಂಪು ನೀರಿನ ಕೊಳವೆಗಳ ಅಗತ್ಯ ತಿಳಿಯುವುದು ಎಂಜಿನ್ ನಿಲ್ಲಿಸಿದ ಮೇಲೆ. ಪಂಪು ನಿಂತಿರುತ್ತದೆ, ಟರ್ಬೈನಿನ ಶಾಖ ಮಾತ್ರ ಬೇರಿಂಗಿನತ್ತ ಹರಿದು ಅಲ್ಲಿ ಉಳಿದ ಎಣ್ಣೆಯನ್ನು ಕರಿಕು ಮಾಡುತ್ತದೆ. ನೀರು ಹೊರಬರುವ ಕೊಳವೆ ಒಂದೇ ಸಮನೆ ಮೇಲೇರುವಂತಿದ್ದರೆ ಬಿಸಿನೀರು ತಾನಾಗಿ ಮೇಲಕ್ಕೂ ತಣ್ಣನೆಯದು ಕೆಳಕ್ಕೂ ಸಾಗುತ್ತದೆ. ಇದು ಸಂವಹನ.

ಇನ್ನು ಒತ್ತಿದ ಗಾಳಿ. 30 ಡಿಗ್ರಿಯ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ಏರಿಸಿದರೆ, ಸಂಪೀಡಕದ ದಕ್ಷತೆ ಶೇ. 70 ಎಂದಿಟ್ಟುಕೊಂಡರೆ, ಅದರ ತಾಪ ಸುಮಾರು 125 ಡಿಗ್ರಿಗೆ ಏರುತ್ತದೆ. ಬಿಸಿ ಗಾಳಿ ಹಿಗ್ಗುವುದರಿಂದ ಸಾಂದ್ರತೆ ಹೆಚ್ಚುವುದು ಎರಡು ಪಟ್ಟಲ್ಲ, ಒಂದೂವರೆ ಪಟ್ಟು ಮಾತ್ರ. ನಡುವೆ ಇಂಟರ್‌ಕೂಲರ್ ಇಟ್ಟು 50 ಡಿಗ್ರಿಗೆ ಇಳಿಸಿದರೆ ಸುಮಾರು 1.9 ಪಟ್ಟಾಗುತ್ತದೆ. ವಿದ್ಯಾರ್ಥಿಗಳು ಅನಿಲ ನಿಯಮದಿಂದ ಇದನ್ನು ತಾವೇ ಲೆಕ್ಕ ಹಾಕಿ ನೋಡಬಹುದು.

ಶಕ್ತಿಗಿಂತ ದೊಡ್ಡ ಲಾಭ ಬೇರೆಯೇ ಇದೆ. ಗಾಳಿ ಬಿಸಿಯಾಗಿದ್ದರೆ, ಅಥವಾ ಅದಕ್ಕೆ ತಕ್ಕ ಇಂಧನ ಸಿಗದಿದ್ದರೆ, ಮಿಶ್ರಣ ಕಿಡಿಯಿಂದ ಕ್ರಮವಾಗಿ ಉರಿಯುವ ಬದಲು ಕೊನೆಯ ಭಾಗ ತಾನೇ ಸಿಡಿಯುತ್ತದೆ. ಇದೇ ನಾಕಿಂಗ್. ಪಿಸ್ಟನ್ ಎಂಜಿನ್ ಅದನ್ನು ತುಸು ಹೊತ್ತು ತಾಳಿಕೊಂಡೀತು. ರೋಟರಿಯಲ್ಲಿ ಹೊಡೆತ ಬೀಳುವುದು ರೋಟರ್‌ನ ತುದಿಯಲ್ಲಿರುವ, ಕೇವಲ 2 ಮಿ.ಮೀ. ದಪ್ಪದ ಎರಕದ ಪಟ್ಟಿಯ ಮೇಲೆ. ಅದರ ಹೆಸರು ಅಪೆಕ್ಸ್ ಸೀಲ್. ಅದು ಮುರಿದರೆ ಕೋಣೆಗಳ ನಡುವಿನ ತಡೆಯೇ ಹೋಯಿತು. ಮುರಿದ ಚೂರು ಕವಚವನ್ನು ಗೀರಿ, ನಿಷ್ಕಾಸ ಕಂಡಿಯಿಂದ ಹಾರಿ, ಟರ್ಬೈನಿನ ಅಲಗುಗಳನ್ನೂ ಕಡಿಯುತ್ತದೆ. ಟರ್ಬೊಗೆಂದೇ ಮಾಡಿದ 1986ರ ಸುಮಾರಿನ 13ಬಿಯ ಸಂಪೀಡನ ಅನುಪಾತ 8.5, ಟರ್ಬೊ ಇಲ್ಲದ್ದರದು 9.4. ಎರಡನೆಯದಕ್ಕೆ ಟರ್ಬೊ ಜೋಡಿಸುವವರಿಗೆ ಎಚ್ಚರ ಇನ್ನೂ ಹೆಚ್ಚು ಬೇಕು.

ಒತ್ತಡ ಮಿತಿಮೀರದಂತೆ ಕಾಯುವುದು ವೇಸ್ಟ್‌ಗೇಟ್ ಎಂಬ ಬಾಗಿಲು. ಅದು ತೆರೆದಾಗ ಸ್ವಲ್ಪ ಅನಿಲ ಟರ್ಬೈನನ್ನು ಬಳಸಿ ಹೊರಹೋಗುತ್ತದೆ. ರೋಟರಿಯ ಅನಿಲ ಪ್ರವಾಹ ದೊಡ್ಡದಾದ್ದರಿಂದ ಬಾಗಿಲೂ ದೊಡ್ಡದಿರಬೇಕು. ಅದರ ಕವಲು ಮುಖ್ಯ ಹರಿವಿನಿಂದ ಕಿರಿದಾದ ಕೋನದಲ್ಲಿ ಒಡೆಯಬೇಕು. ನೇರ ಲಂಬವಾಗಿ ಕವಲೊಡೆದರೆ ವೇಗದ ಅನಿಲ ಆ ಕಡೆ ಹೊರಳದೆ ಟರ್ಬೈನಿಗೇ ನುಗ್ಗುತ್ತದೆ, ಬಾಗಿಲು ಪೂರ್ತಿ ತೆರೆದಿದ್ದರೂ ಒತ್ತಡ ಏರುತ್ತಲೇ ಹೋಗುತ್ತದೆ. ಎರಡನೆಯ ತಲೆಮಾರಿನ ಆರ್‌ಎಕ್ಸ್-7ರಲ್ಲಿ ಹಿಂದಿನ ಕೊಳವೆಯನ್ನಷ್ಟೇ ಅಗಲ ಮಾಡಿದವರಿಗೆ ಇದೇ ಅನುಭವವಾಯಿತು. ಅನಿಲಕ್ಕೆ ತಡೆ ತಗ್ಗಿ ಟರ್ಬೊ ವೇಗ ಹೆಚ್ಚಿತು, ಕಾರ್ಖಾನೆ ಕೊಟ್ಟ ಸಣ್ಣ ವೇಸ್ಟ್‌ಗೇಟ್ ಅದಕ್ಕೆ ಸಾಲದೆ ಹೋಯಿತು.

ಜೋಡಣೆ ಮುಗಿದ ಮೇಲೆ ಕಿಡಿಯನ್ನೂ ಇಂಧನವನ್ನೂ ತಡೆದು, ಸ್ಟಾರ್ಟರ್‌ನಿಂದ ಮಾತ್ರ ಎಂಜಿನ್ ತಿರುಗಿಸಿ, ಮರಳು ಕೊಳವೆಯಲ್ಲಿ ಎಣ್ಣೆ ಇಳಿಯುವುದನ್ನು ಕಣ್ಣಾರೆ ನೋಡಬೇಕು. ಗಾಳಿಯ ಕೊಳವೆಗಳ ಪರೀಕ್ಷೆ ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕಿದಂತೆಯೇ. ಬಾಯಿ ಮುಚ್ಚಿ, ಒಳಗೆ ಮಿತವಾದ ಒತ್ತಡದ ಗಾಳಿ ಬಿಟ್ಟು, ಪ್ರತಿ ಕೀಲಿಗೂ ಸಾಬೂನು ನೀರು ಸವರಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ.